ಈ ಭಾನುವಾರದ ಸಿನಿಮಾ: ‘ಫಿಯರ್‌ಲೆಸ್’

ಎಲ್ಲರಿಗೂ ನಮಸ್ಕಾರ. ಈ ವಾರ ನೋಡೋದು 2006ರ ಚೀನೀ ಸಿನಿಮಾ ‘ಫಿಯರ್‌ಲೆಸ್’. ನಿರ್ದೇಶನ ರಾನಿ ಯು, ನಾಯಕ ಜೆಟ್ ಲೀ. ಭಾನುವಾರ ರಾತ್ರಿ ಇಲ್ಲೇ ಮಾತಾಡೋಣ.

ಟಿಯಾಂಜಿನ್‌ನ ಕುಂಗ್‌ಫು ಗುರು ಹುವೊ ಯುವಾನ್‌ಜಿಯಾ ನಿಜವಾಗಿ ಬದುಕಿದ್ದವರು. 1910ರಲ್ಲಿ ತೀರಿಕೊಂಡರು. ಸಿನಿಮಾದ ಹುವೊಗೆ ಗೆಲ್ಲುವ ಹುಚ್ಚು. ಶಿಷ್ಯನ ಮಾತು ನಂಬಿ, ವಿಚಾರಿಸದೆ, ಇನ್ನೊಬ್ಬ ಗುರುವನ್ನು ಕೊಲ್ಲುತ್ತಾನೆ. ಅದರ ಸೇಡಿಗೆ ಅವನ ತಾಯಿ, ಪುಟ್ಟ ಮಗಳು ಬಲಿಯಾಗುತ್ತಾರೆ. ಈ ಭಾಗ ಚಿಕ್ಕ ಮಕ್ಕಳಿಗೆ ಬೇಡ.

ಹೊಡೆದಾಟ ಜೋರಾಗಿದೆ, ಸರಿ. ಆದ್ರೆ ನನಗೆ ಜಾಸ್ತಿ ಇಷ್ಟ ಆಗಿದ್ದು ಹಳ್ಳಿಯ ಭಾಗ. ಕಣ್ಣು ಕಾಣದ ಹುಡುಗಿ ಮತ್ತವಳ ಅಜ್ಜಿ ಅವನನ್ನು ಉಳಿಸುತ್ತಾರೆ. ಅಲ್ಲೂ ಅವನು ಪಂದ್ಯಕ್ಕೆ ಬಿದ್ದವನ ಹಾಗೆ ಅವಸರದಲ್ಲಿ ಭತ್ತದ ಸಸಿ ನೆಡುತ್ತಾನೆ. ಎಲ್ಲ ಒತ್ತೊತ್ತಾಗಿ. ಆ ಹುಡುಗಿ ಸುಮ್ನೆ ಅವನ್ನು ಕಿತ್ತು ಮತ್ತೆ ನೆಡುತ್ತಾಳೆ. ಗಾಳಿ ಬೀಸಿದಾಗ ಗದ್ದೆಯಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ನಿಲ್ಲುತ್ತಾರೆ. ಮೊದಲು ಅವನಿಗೆ ಅದು ಅರ್ಥವೇ ಆಗೋದಿಲ್ಲ. ಈ ದೃಶ್ಯಗಳನ್ನು ಓಡಿಸಬೇಡಿ, ಪ್ಲೀಸ್.

ಊರಿಗೆ ಮರಳಿ ತಾನು ಕೊಂದವನ ಮನೆಗೇ ಹೋಗಿ ಕ್ಷಮೆ ಕೇಳುತ್ತಾನೆ. ಯಾವ ಕಾಳಗಕ್ಕಿಂತಲೂ ಅದಕ್ಕೇ ಧೈರ್ಯ ಬೇಕು, ಅಲ್ವಾ?

ಇದನ್ನೇ ಇತಿಹಾಸ ಅಂದುಕೊಳ್ಳಬೇಡಿ. ನಿಜದ ಹುವೊ ವಂಶ ಮುಂದುವರಿದಿದೆ. ಅವರ ಮನೆಯವರು ಸಿನಿಮಾ ವಿರುದ್ಧ ಕೋರ್ಟಿಗೂ ಹೋಗಿದ್ದರು.

ನೋಡದವರು ಇದ್ದಾರೆ, ಭಾನುವಾರದ ತನಕ ಕೊನೆಯ ಪಂದ್ಯದ ಬಗ್ಗೆ ಬರೆಯಬೇಡಿ.