ಗ್ರೇಸ್ ಪೀರಿಯಡ್ (ಕಂತಿನ ತಾರೀಕು ದಾಟಿದ್ಮೇಲೂ ಕಟ್ಟೋಕೆ ಕೊಡೋ ಟೈಮ್) ಒಳಗೇ ತೀರ್ಕೊಂಡ್ರೂ ಕ್ಲೈಮ್‌ನಲ್ಲಿ 2,78,760 ರೂಪಾಯಿ ಕಡಿಮೆ ಕೊಟ್ಟಿರೋ ಬಗ್ಗೆ ದೂರು

ಗ್ರೀವೆನ್ಸ್ ಆಫೀಸರ್ ಅವರಿಗೆ,

ನಮಸ್ಕಾರ ಸರ್. ನಾನು ದಾವಣಗೆರೆಯಿಂದ ಬರೀತಿದೀನಿ. ನಮ್ಮನೆಯವ್ರು ನಿಮ್ಮ ಕಂಪನೀಲಿ 2012ರ ಜೂನ್ 15ಕ್ಕೆ 8 ಲಕ್ಷದ ಎಂಡೋಮೆಂಟ್ ಪಾಲಿಸಿ (ಅವಧಿ ಮುಗಿದ್ರೂ, ಮಧ್ಯೆ ತೀರ್ಕೊಂಡ್ರೂ ದುಡ್ಡು ಬರೋದು) ಮಾಡಿಸಿದ್ರು, 20 ವರ್ಷದ್ದು, ಮೂರು ತಿಂಗಳಿಗೊಂದ್ ಸಲ 11,240 ರೂಪಾಯಿ ಕಂತು. ನಾಮಿನಿ ನಾನು. ಅವ್ರು 2025ರ ಏಪ್ರಿಲ್ 4ಕ್ಕೆ ತೀರ್ಕೊಂಡ್ರು. ಜುಲೈ 8ಕ್ಕೆ ನನ್ನ ಅಕೌಂಟಿಗೆ ನೀವು ಹಾಕಿದ್ದು 5,10,000 ಮತ್ತೆ ಆವರೆಗಿನ ಬೋನಸ್. ಬೋನಸ್ ಬಿಟ್ಟು 8 ಲಕ್ಷ ಬರ್ಬೇಕಿತ್ತು, ಅದ್ರಲ್ಲಿ ಬಾಕಿ ಇದ್ದ ಒಂದು ಕಂತು ಹಿಡ್ಕೊಂಡ್ರೂ 7,88,760 ಬರ್ಬೇಕಿತ್ತು.

ಬ್ರಾಂಚಲ್ಲಿ ಕೇಳಿದ್ರೆ ಪಾಲಿಸಿ ಪೇಯ್ಡ್ ಅಪ್ ಆಗಿದೆ ಮೇಡಂ, ಅಂದ್ರೆ ಕಂತು ನಿಂತಿರೋದ್ರಿಂದ ವಿಮಾ ಮೊತ್ತ ಕಟ್ಟಿದಷ್ಟಕ್ಕೆ ಇಳ್ದಿದೆ, 80 ಕಂತಲ್ಲಿ 51 ಕಟ್ಟಿದ್ದಾರೆ, ಅಷ್ಟಕ್ಕೇ ಸಿಗೋದು ಅಂದ್ರು. ಮನೆಗೆ ಬಂದು ಮಗಳ ಹತ್ರ ಲೆಕ್ಕ ಹಾಕ್ಸಿದೆ, 8 ಲಕ್ಷವನ್ನ 80ರಿಂದ ಭಾಗಿಸಿ 51ರಿಂದ ಗುಣಿಸಿದ್ರೆ ಸರಿಯಾಗಿ 5,10,000 ಬರುತ್ತೆ. ನಿಮ್ಮ ಗುಣಾಕಾರ ತಪ್ಪಿಲ್ಲ ಸರ್. ಆದ್ರೆ ಆ ಲೆಕ್ಕವನ್ನ ಈ ಕ್ಲೈಮಿಗೆ ಹಾಕಿದ್ದೇ ತಪ್ಪು, ನನ್ನ ದೂರು ಅದ್ರ ಬಗ್ಗೇನೆ.

ಕಟ್ಟದೇ ಉಳಿದಿದ್ದು 2025ರ ಮಾರ್ಚ್ 15ರ ಕಂತು ಒಂದೇ. ಮಾರ್ಚ್ 11ಕ್ಕೆ ಬೆಳಿಗ್ಗೆ ಅಂಗಡಿ ಶಟರ್ ಎತ್ತೋವಾಗ ಅವ್ರಿಗೆ ಸ್ಟ್ರೋಕ್ ಆಯ್ತು, ಅಲ್ಲಿಂದ ಕೊನೇ ದಿನದವರೆಗೂ ಐಸಿಯುನಲ್ಲೇ ಇದ್ರು, ನಾನು ಆಸ್ಪತ್ರೆ ಹೊರಗಡೆ ಬೆಂಚಲ್ಲಿ, ಆವಾಗ ಕಂತಿನ ನೆನಪು ಯಾರಿಗಿರುತ್ತೆ ಹೇಳಿ. ನಿಮ್ಮ ಪಾಲಿಸಿ ಬಾಂಡಲ್ಲೇ ಪ್ರಿಂಟ್ ಆಗಿದೆ, ಮೂರು ತಿಂಗಳ ಕಂತಿಗೆ 30 ದಿನ ಗ್ರೇಸ್ ಪೀರಿಯಡ್, ಆ ಟೈಮಲ್ಲಿ ಪಾಲಿಸಿದಾರ ತೀರ್ಕೊಂಡ್ರೆ ಬಾಕಿ ಕಂತು ಮುರ್ಕೊಂಡು ಪೂರ್ತಿ ವಿಮಾ ಮೊತ್ತ ಕೊಡ್ತೀವಿ ಅಂತ. ಮಾರ್ಚ್ 15ರಿಂದ 30 ದಿನ ಅಂದ್ರೆ ಏಪ್ರಿಲ್ 14. ಅವ್ರು ಹೋಗಿದ್ದು 4ಕ್ಕೆ. ಇನ್ನೂ ಹತ್ತು ದಿನ ಬಾಕಿ ಇತ್ತು ಸರ್.

ಹಂಗಿದ್ರೂ ಯಾಕೆ ಹಿಂಗಾಯ್ತು ಅಂತ ಯೋಚ್ನೆ ಮಾಡ್ದಾಗ ನನಗೆ ಅನ್ಸಿದ್ದು ಇಷ್ಟು. ನಾನು ಕ್ಲೈಮ್ ಪೇಪರ್ ಕೊಟ್ಟಿದ್ದು ಮೇ 20ಕ್ಕೆ, ಡೆತ್ ಸರ್ಟಿಫಿಕೇಟ್ ಸಿಗೋದು ತಡ ಆಯ್ತು, ಮತ್ತೆ ನನಗೂ ಮನೆಯಿಂದ ಹೊರಗೆ ಹೋಗೋ ಸ್ಥಿತಿ ಇರ್ಲಿಲ್ಲ. ಅಷ್ಟೊತ್ತಿಗೆ ಗ್ರೇಸ್ ಪೀರಿಯಡ್ ಮುಗ್ದು ನಿಮ್ಮ ಸಿಸ್ಟಮಲ್ಲಿ ಪಾಲಿಸಿ ತಾನಾಗೇ ಪೇಯ್ಡ್ ಅಪ್ ಅಂತ ಬದಲಾಗಿದೆ. ಕೌಂಟರಲ್ಲಿ ಕೂತವ್ರು ಮೇ 20ಕ್ಕೆ ಸ್ಕ್ರೀನ್ ಏನು ತೋರಿಸ್ತೋ ಅದನ್ನೇ ನೋಡಿ ಲೆಕ್ಕ ಹಾಕಿದ್ದಾರೆ. ನೋಡ್ಬೇಕಾಗಿದ್ದು ಅವ್ರು ತೀರ್ಕೊಂಡ ದಿನ ಪಾಲಿಸಿ ಹೆಂಗಿತ್ತು ಅಂತ. ಏಪ್ರಿಲ್ 4ಕ್ಕೆ ಪಾಲಿಸಿ ಚಾಲ್ತೀಲಿತ್ತು. ಇಷ್ಟನ್ನ ನಾನು ಬ್ರಾಂಚಲ್ಲಿ ಮೂರು ಸಲ ಹೇಳಿದೀನಿ, ಮೂರೂ ಸಲ ಸಿಸ್ಟಮ್ ತೋರಿಸ್ದಷ್ಟೇ ಕೊಡೋಕಾಗೋದು ಅನ್ನೋ ಉತ್ತರ. ಜುಲೈ 22ಕ್ಕೆ ಬಂದ ಲೆಟರಲ್ಲೂ ಒಂದೇ ಸಾಲು, ಗ್ರೇಸ್ ಪೀರಿಯಡ್ ಅನ್ನೋ ಮಾತೇ ಅದ್ರಲ್ಲಿಲ್ಲ.

ಇನ್ನೊಂದು, ಡಿಸ್ಚಾರ್ಜ್ ಫಾರ್ಮಿಗೆ (ಕ್ಲೈಮ್ ದುಡ್ಡು ಪಡ್ಕೊಂಡೆ ಅಂತ ಬರ್ದು ಕೊಡೋ ಫಾರ್ಮಿಗೆ) ನೀವೇ ಸೈನ್ ಹಾಕಿದೀರಲ್ಲ, ಇನ್ನೇನೂ ಮಾಡೋಕಾಗಲ್ಲ ಅಂದ್ರು. ಹಾಕಿದೀನಿ, ಇಲ್ಲ ಅನ್ನಲ್ಲ. ಕ್ಲೈಮ್ ಪೇಪರ್ ಕೊಟ್ಟ ದಿನಾನೇ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ ಇಲ್ಲಿ ಸೈನ್ ಮಾಡಿ ಅಂದ್ರು, ಮಾಡ್ದೆ. ಅದ್ರಲ್ಲಿ ಅಮೌಂಟ್ ಜಾಗ ಖಾಲಿ ಇತ್ತು. ಎಷ್ಟು ಅಂತ ಗೊತ್ತಿಲ್ದೆ ಹಾಕಿದ ಸೈನನ್ನ ಇಷ್ಟಕ್ಕೆ ಒಪ್ಕೊಂಡ್ರು ಅಂತ ತಿಳ್ಕೊಳೋದು ನ್ಯಾಯ ಅಲ್ಲ.

ನಮ್ಮನೆಯವ್ರದ್ದು ಸಣ್ಣ ವೆಲ್ಡಿಂಗ್ ಅಂಗಡಿ. ಕಂತಿನ ರಸೀದಿಗಳನ್ನ ಅಂಗಡಿ ಗೋಡೆ ಮೇಲಿನ ತಂತಿಗೆ ಚುಚ್ಚಿ ಇಡ್ತಿದ್ರು. ಮೊನ್ನೆ ಅದನ್ನ ಬಿಚ್ಚಿ ಎಣಿಸಿದ್ವಿ, 51 ರಸೀದೀನೂ ಇದೆ, ಕಬ್ಬಿಣದ ಧೂಳು ಹಿಡ್ದಿದೆ ಆದ್ರೆ ತಾರೀಕು ಎಲ್ಲಾದ್ರಲ್ಲೂ ಕಾಣುತ್ತೆ. ಒಂದಕ್ಕೂ ಲೇಟ್ ಫೀ ಬಿದ್ದಿಲ್ಲ. 2020ರಲ್ಲಿ ಲಾಕ್‌ಡೌನ್ ಆಗಿ ಎರಡು ತಿಂಗಳು ಅಂಗಡಿ ಮುಚ್ಚಿತ್ತು, ಆ ಜೂನ್ ಕಂತನ್ನ ನನ್ನ ಓಲೆ ಅಡ ಇಟ್ಟು ಕಟ್ಟಿದ್ರು. ನನಗೇನಾದ್ರೂ ಆದ್ರೆ ಇದೊಂದು ಇರುತ್ತೆ ನಿಂಗೆ ಅಂತಿದ್ರು. ಹಂಗೆ ಹದಿಮೂರು ವರ್ಷ ಕಟ್ಟಿದ ಮನುಷ್ಯನ್ನ ಪ್ರಜ್ಞೆ ಇಲ್ದೆ ಮಲಗಿದ್ದಾಗ ತಪ್ಪಿದ ಒಂದು ಕಂತಿಗೆ, ಅದೂ ಟೈಮ್ ಇನ್ನೂ ಮುಗೀದೇ ಇದ್ದಾಗ, ಕಂತು ಕಟ್ಟೋದು ಬಿಟ್ಟೋರು ಅಂತ ಬರ್ದಿದೀರಲ್ಲ, ದುಡ್ಡಿಗಿಂತ ಇದೇ ನನಗೆ ಜಾಸ್ತಿ ನೋವು ಮಾಡಿರೋದು.

ಉಳ್ದಿರೋ 2,78,760 ರೂಪಾಯಿ ಕೊಡಿ. ಪಾಲಿಸಿ ಚಾಲ್ತೀಲಿತ್ತು ಅಂತ ಆದ್ಮೇಲೆ ಬೋನಸ್ ಲೆಕ್ಕಾನೂ ಮತ್ತೆ ಮಾಡ್ಬೇಕಾಗುತ್ತೆ, ಕೊನೇ ವರ್ಷದ್ದು ಸೇರ್ಸಿ ಆ ಲೆಕ್ಕವನ್ನ ಬರವಣಿಗೇಲಿ ಕೊಡಿ. ಯಾವ ತನಿಖೆನೂ ನಡೀಲಿಲ್ಲ, ಆದ್ರೂ ದುಡ್ಡು ಬರೋಕೆ 49 ದಿನ ಹಿಡೀತು, ತಡ ಆಗಿದ್ದಕ್ಕೆ ವಿಮಾ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐ ನಿಯಮದಂತೆ ಬ್ಯಾಂಕ್ ರೇಟ್ (ರಿಸರ್ವ್ ಬ್ಯಾಂಕ್ ನಿಗದಿ ಮಾಡೋ ಬಡ್ಡಿ ದರ) ಮೇಲೆ ಶೇ. 2 ಸೇರ್ಸಿ ಬಡ್ಡೀನೂ ಕೊಡ್ಬೇಕು. ಕೊಡಲ್ಲ ಅನ್ನೋದಾದ್ರೆ ಬಾಂಡಿನ ಯಾವ ಷರತ್ತಿನ ಪ್ರಕಾರ ಅಂತ ಬರ್ದು ಕೊಡಿ.

30 ದಿನದಲ್ಲಿ ಸರಿಯಾದ ಉತ್ತರ ಬರ್ಲಿಲ್ಲ ಅಂದ್ರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮಾ ಕಂಪನಿ ಮೇಲಿನ ದೂರು ವಿಚಾರಿಸೋ ಅಧಿಕಾರಿ) ಆಫೀಸಿಗೆ ಹೋಗ್ತೀನಿ. ಅಲ್ಲಿ ಫೀಸಿಲ್ಲ, ವಕೀಲರೂ ಬೇಕಾಗಿಲ್ಲ ಅಂತ ತಿಳ್ಕೊಂಡಿದೀನಿ, ಆ 51 ರಸೀದಿ ಹಿಡ್ಕೊಂಡು ನಾನೇ ಬಂದು ಮಾತಾಡ್ತೀನಿ. ಬಾಂಡಿನ ಗ್ರೇಸ್ ಪೀರಿಯಡ್ ಪುಟ, ಡೆತ್ ಸರ್ಟಿಫಿಕೇಟ್, ಆಸ್ಪತ್ರೆ ಅಡ್ಮಿಶನ್ ಪೇಪರ್, ನಿಮ್ಮ ಜುಲೈ 22ರ ಲೆಟರ್ ಎಲ್ಲದ್ರ ಜೆರಾಕ್ಸ್ ಜೊತೇಲಿಟ್ಟಿದೀನಿ.

ಇಂತಿ,
ಪಾಲಿಸಿಯ ನಾಮಿನಿ
ದಾವಣಗೆರೆ, 4 ಆಗಸ್ಟ್ 2025