ಲಗ್ರಾಂಜ್ ಬಿಂದುವಿಗೆ ಮೊದಲು ಯಂತ್ರಗಳೇ ಹೋಗಲಿ

ಮಾನ್ಯರೇ,

ಸೂರ್ಯ-ಭೂಮಿ ಅಥವಾ ಭೂಮಿ-ಚಂದ್ರರಂಥ ಎರಡು ಕಾಯಗಳ ಸೆಳೆತವೂ ಸುತ್ತುವ ಚಲನೆಯೂ ಸರಿದೂಗುವ ಐದು ತಾಣಗಳೇ ಲಗ್ರಾಂಜ್ ಬಿಂದುಗಳು. ಅಲ್ಲಿ ನೌಕೆ ಇಂಧನವಿಲ್ಲದೆ ಸುಮ್ನೆ ನಿಂತಿರುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಐದರಲ್ಲಿ ಎಲ್1, ಎಲ್2, ಎಲ್3 ಅಸ್ಥಿರ. ಗುಡ್ಡದ ತುದಿಯಲ್ಲಿಟ್ಟ ಚೆಂಡಿನಂತೆ, ಸ್ವಲ್ಪ ಸರಿದರೂ ಜಾರೀತು. ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ನಮ್ಮ ಆದಿತ್ಯ-ಎಲ್1 ನೌಕೆ ಕೂಡ ಸೂರ್ಯ-ಭೂಮಿಯ ಎಲ್1 ಬಿಂದುವಿನ ಸುತ್ತ ತಿರುಗುತ್ತಾ ಆಗಾಗ ದಾರಿ ಸರಿಪಡಿಸಿಕೊಳ್ಳುತ್ತದೆ. ಅದಕ್ಕೆ ಇಂಧನ ಕಡಿಮೆ ಸಾಕು, ಲಾಭ ಅಷ್ಟೇ.

ಬಾಹ್ಯಾಕಾಶ ನಿಲ್ದಾಣ ಕಟ್ಟುವುದಾದರೆ ಭೂಮಿ-ಚಂದ್ರರ ಎಲ್2 (ಚಂದ್ರನ ಆಚೆಗಿರುವ ಬಿಂದು) ಒಳ್ಳೆಯ ಜಾಗ. 2018ರಲ್ಲಿ ಹೋದ ಚೀನಾದ ಕ್ವೆಚಿಯಾವೊ ಉಪಗ್ರಹ ಅಲ್ಲಿಂದಲೇ ಚಂದ್ರನ ಆಚೆ ಬದಿಯ ಸಂದೇಶಗಳನ್ನು ಭೂಮಿಗೆ ತಲುಪಿಸಿತು. ದೂರದ ಗ್ರಹಗಳಿಗೆ ಹೊರಡಲೂ ಅನುಕೂಲ. ಆದರೆ ಭೂಮಿಯ ಕಾಂತಕ್ಷೇತ್ರದ ರಕ್ಷಣೆ ಅಲ್ಲಿ ನೆಚ್ಚುವಂತಿಲ್ಲ. ಮನುಷ್ಯರನ್ನು ತಿಂಗಳುಗಟ್ಟಲೆ ಇಡುವ ಮೊದಲು ವಿಕಿರಣಕ್ಕೆ ಪರಿಹಾರ ಬೇಕು, ಅಲ್ವಾ? ಸದ್ಯಕ್ಕೆ ಯಂತ್ರಗಳನ್ನೇ ಕಳಿಸೋಣ.

— ಓದುಗ