ಎರಡನೇ ಮುದ್ರಣದ ಹೊತ್ತಿಗೆ, ಹೇಳದೆ ಉಳಿದಿದ್ದ ಕೃತಜ್ಞತೆ

ಮೊನ್ನೆ ಶಿವಮೊಗ್ಗದಿಂದ ಬಸ್ಸಿನಲ್ಲಿ ಎರಡು ಬಂಡಲ್ ಪುಸ್ತಕ ಬಂದವು. ತೀರ್ಥಹಳ್ಳಿಯಲ್ಲಿ ಇಳಿಸಿಕೊಡುವಾಗ ಕಂಡಕ್ಟರ್, "ಎಂತ ಅಕ್ಕಾ ಇದು, ಇಷ್ಟು ಭಾರ?" ಅಂದರು. ನಾನು ಬರೆದ ಪುಸ್ತಕ, ಎರಡನೇ ಸಲ ಪ್ರಿಂಟ್ ಆಗಿ ಬಂತು ಅಂದೆ. ಅವರು ಒಂದು ಬಂಡಲನ್ನು ತಾವೇ ಹೊತ್ತು ಆಟೋದವರೆಗೆ ತಂದುಕೊಟ್ಟರು. ಅವರಿಂದಲೇ ಶುರು ಮಾಡುತ್ತೇನೆ. ಥ್ಯಾಂಕ್ಸ್ ಅಣ್ಣ.

ಇದು ನನ್ನ ಮೊದಲ ಕಾದಂಬರಿ. ಬರೆಯಲು ಮೂರು ವರ್ಷ ಹಿಡಿಯಿತು. ಮೊದಲ ಮುದ್ರಣದ 500 ಪ್ರತಿ ಹತ್ತು ತಿಂಗಳಲ್ಲಿ ಮುಗಿದಿದೆ. ಪುಸ್ತಕದ ಕೊನೆಯಲ್ಲಿ ಕೃತಜ್ಞತೆಗೆ ಅರ್ಧ ಪುಟ ಸಿಕ್ಕಿತ್ತು. ಅಲ್ಲಿ ಜಾಗ ಸಾಲದೆ ಉಳಿದ ಮಾತೇ ಜಾಸ್ತಿ.

ಓದದವರಿಗಾಗಿ ಕಥೆಯನ್ನು ಚೂರು ಹೇಳುತ್ತೇನೆ. 1919ರ ಮಳೆಗಾಲ. ತೀರ್ಥಹಳ್ಳಿ ಸೀಮೆಯ ಒಂದು ಅಡಕೆ ತೋಟದ ಮನೆ. ಹಿಂದಿನ ವರ್ಷದ ಇನ್‌ಫ್ಲುಯೆಂಜಾ ಜ್ವರದಲ್ಲಿ ಆ ಮನೆಯ ಅಜ್ಜನೂ ಒಬ್ಬ ಮೊಮ್ಮಗನೂ ತೀರಿಕೊಂಡಿದ್ದಾರೆ. ಈ ವರ್ಷ ತೋಟಕ್ಕೆ ಕೊಳೆ, ಅಂದರೆ ಅಡಕೆ ಕಾಯಿ ಕೊಳೆತು ಉದುರುವ ರೋಗ, ಬಿದ್ದಿದೆ. ಅಂಥ ಹೊತ್ತಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲಿನಲ್ಲಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಒಬ್ಬ 'ಪ್ರೊಫೆಸರ್' ಬಂದಿಳಿಯುತ್ತಾನೆ. ಸತ್ತವರ ಆತ್ಮ ಕರೆಸಿ ಮಾತಾಡಿಸುತ್ತೇನೆ ಅನ್ನುತ್ತಾನೆ. ಮೊದಲ ರಾತ್ರಿಯೇ ಮನೆಯವರಿಗೆ ಮಾತ್ರ ಗೊತ್ತಿದ್ದ ಗುಟ್ಟೊಂದನ್ನು ಹೇಳಿಬಿಡುತ್ತಾನೆ. ಅದನ್ನು ಅವನಿಗೆ ಹೇಳಿದವರು ಯಾರು? ಪತ್ತೆ ಮಾಡಲು ಹೊರಡುವುದು ಮನೆಯ ದೊಡ್ಡತ್ತೆ. ಎಳೆ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಡುಗೆಮನೆಯಿಂದಲೇ ಇಡೀ ಊರನ್ನು ಬಲ್ಲವಳು. ಕಥೆ ನಗಿಸುತ್ತದೆ, ಹಾಗೇ ಬರೆದಿದ್ದೇನೆ.

ಈ ಕಥೆಗೆ ಕೊಳೆರೋಗ ಬಂದದ್ದು ನನ್ನ ಕೆಲಸದಿಂದ. ನಾನು ಒಂದು ಸೊಸೈಟಿಯಲ್ಲಿ ಗುಮಾಸ್ತೆ. ಮೇ ತಿಂಗಳು ಬಂತು ಅಂದರೆ ಕೊಳೆಗೆ ಹೊಡೆಯುವ ಮೈಲುತುತ್ತಿಗೆ (ತಾಮ್ರದ ಸಲ್ಫೇಟಿಗೆ) ಜನ ಸಾಲು ನಿಲ್ಲುತ್ತಾರೆ. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲೊಂದು ಸಲ, ನಲವತ್ತು ದಿನ ದಾಟಿದ ಮೇಲೆ ಇನ್ನೊಂದು ಸಲ ಹೊಡೆಯಬೇಕು. ಮಲೆನಾಡಿನ ಮಕ್ಕಳಿಗೂ ಗೊತ್ತಿರುವ ಲೆಕ್ಕ ಇದು. ಆದರೆ ಈ ಲೆಕ್ಕ ಗೊತ್ತಿಲ್ಲದ ಕಾಲದಲ್ಲಿ, ಬೆಳಗೆದ್ದು ನೋಡಿದರೆ ಕೊನೆಯ (ಅಡಕೆ ಗೊನೆಯ) ಕಾಯೆಲ್ಲ ಮರದ ಬುಡದಲ್ಲಿ ಉದುರಿ ಬಿದ್ದಿದ್ದರೆ ಆ ಮನೆಯವರಿಗೆ ಏನು ಅನ್ನಿಸಿರಬೇಕು? ಹಿರಿಯರು ಮುನಿದಿದ್ದಾರೆ ಅಂತ ಯಾರಾದರೂ ಹೇಳಿದರೆ ಒಪ್ಪದೆ ಇರುವುದು ಕಷ್ಟ, ಅಲ್ವಾ? ಪ್ರೊಫೆಸರ್ ಬಂಡವಾಳ ಮಾಡಿಕೊಳ್ಳುವುದು ಇದನ್ನೇ.

ಇದನ್ನು ನನಗೆ ಬಿಡಿಸಿ ಹೇಳಿದವರು ಮರ ಹತ್ತಿ ಕೊನೆ ಇಳಿಸಲು, ಔಷಧಿ ಹೊಡೆಯಲು ನಮ್ಮ ತೋಟಕ್ಕೆ ಬರುವ ಕೊನೆಗಾರರು. ಅವರ ಅಜ್ಜ ಮರ ಹತ್ತಿ ಪ್ರತಿ ಕೊನೆಗೂ ಕೊಟ್ಟೆ ಕಟ್ಟುತ್ತಿದ್ದರಂತೆ. ಮಳೆನೀರು ಕಾಯಿಗೆ ಇಳಿಯದಂತೆ ಒಂದು ಟೋಪಿ, ಅಷ್ಟೇ. ಎಷ್ಟು ಮರ, ಎಷ್ಟು ಕೊನೆ, ಜಾರುವ ಮಳೆಯಲ್ಲಿ ಎಷ್ಟು ಸಲ ಹತ್ತಬೇಕು ಅಂತ ಅವರು ಲೆಕ್ಕ ಹೇಳುತ್ತಾ ಹೋದರು. ನಾನು ಬರೆದುಕೊಳ್ಳುತ್ತಾ ಹೋದೆ. ಮೂರನೇ ಅಧ್ಯಾಯ ಪೂರ್ತಿ ಅವರದ್ದೇ.

ಆಮೇಲೆ ಹುಡುಕಿದಾಗ ಲೆಸ್ಲಿ ಕೋಲ್ಮನ್ ಸಿಕ್ಕರು. ಕೆನಡಾದವರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದವರು. ಅಡಕೆಯ ಕೊಳೆರೋಗ ಒಂದು ಶಿಲೀಂಧ್ರದಿಂದ ಬರುತ್ತದೆ ಎಂದು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು. ಬೋರ್ಡೋ ದ್ರಾವಣ, ಅಂದರೆ ಅದೇ ಮೈಲುತುತ್ತು ಸುಣ್ಣದ ನೀರು, ಹೊಡೆಯಬೇಕು ಅಂದರು. ಈ ದ್ರಾವಣದ ಹುಟ್ಟೇ ಒಂದು ಪತ್ತೇದಾರಿ ಕಥೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ದಾರಿ ಬದಿಯ ಬಳ್ಳಿಗೆ ಮೈಲುತುತ್ತು ಸುಣ್ಣ ಎರಚುತ್ತಿದ್ದರು. ರೋಗ ಬಂದಾಗ ಆ ಬಳ್ಳಿಗಳು ಮಾತ್ರ ಉಳಿದದ್ದನ್ನು ಮಿಲ್ಲಾರ್ಡೆ ಎಂಬ ವಿಜ್ಞಾನಿ ಗಮನಿಸಿದರು. ಕಳ್ಳರಿಗೆ ಅಂತ ಹಾಕಿದ್ದು ನಮ್ಮ ಅಡಕೆ ಮರದವರೆಗೆ ಬಂತು. ಇದನ್ನು ಓದಿದ ರಾತ್ರಿ ನನಗೆ ಸಂತೋಷದಿಂದ ನಿದ್ದೆ ಬರಲಿಲ್ಲ.

ಹಸ್ತಪ್ರತಿ ತಿದ್ದಿದ ಹಿರಿಯರು ಮೂವರು. ಹೆಸರು ಹಾಕಬೇಡ ಅಂದಿದ್ದಾರೆ. ಒಬ್ಬರು ಪ್ರೊಫೆಸರ್ ತುಂಗೆಯನ್ನು ಸೇತುವೆ ಮೇಲೆ ದಾಟುವ ಜಾಗಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, "ಆಗ ಸೇತುವೆ ಎಲ್ಲಿತ್ತು? ದೋಣಿಯಲ್ಲಿ ಕರೆದುಕೊಂಡು ಬಾ" ಅಂದರು. ಹಾಗೆ ಹುಟ್ಟಿತು ದೋಣಿಯ ಪ್ರಸಂಗ. ಮಳೆಗಾಲದ ಕೆಂಪು ನೀರು, ನಡುಹೊಳೆಯಲ್ಲಿ ಹೆದರಿ ದೇವರ ಹೆಸರೆಲ್ಲ ಕೂಗುವ ಪ್ರೊಫೆಸರ್, ಮುಖದಲ್ಲಿ ಏನೂ ತೋರಿಸದ ಅಂಬಿಗ. ನನಗೆ ಬಂದ ಪತ್ರಗಳಲ್ಲಿ ಅರ್ಧ ಆ ದೋಣಿಯ ಬಗ್ಗೆಯೇ ಇವೆ. ಇನ್ನೊಬ್ಬರು ದೀಪಗಳನ್ನು ಸರಿ ಮಾಡಿಸಿದರು. ಯಾವ ಕೋಣೆಯಲ್ಲಿ ಲಾಟೀನು, ಎಲ್ಲಿ ಚಿಮಣಿ ಬುಡ್ಡಿ, ಎಲ್ಲಿ ಬರೀ ಹಣತೆ ಅಂತ. ಕತ್ತಲೆಯೇ ಬಂಡವಾಳವಾದ ಕಥೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಮೂರನೆಯವರು ನನ್ನ ಸೋದರತ್ತೆ. ದೊಡ್ಡತ್ತೆಯ ಮಾತಿನ ಧಾಟಿಯನ್ನು ನಾನು ಅವರಿಂದಲೇ ತಂದದ್ದು.

ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ಮೇಷ್ಟ್ರಿಗೆ ನಾನು ದೊಡ್ಡ ಋಣಿ. ಎಚ್. ನರಸಿಂಹಯ್ಯನವರ ಹೆಸರು ಮೊದಲು ಕೇಳಿದ್ದೇ ಅವರ ಕ್ಲಾಸಿನಲ್ಲಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿ ಮಾಡಿದವರು ಅವರು. ಕಾದಂಬರಿಯ ಕೆಲಸಕ್ಕೆ ಅಂತ ಹೋದಾಗ ಮೇಷ್ಟ್ರು ಎರಡು ರಟ್ಟು, ನಾಲ್ಕು ಪೆನ್ಸಿಲ್, ಒಂದು ಸಣ್ಣ ಮೇಜು ತಂದಿಟ್ಟರು. 1853ರಲ್ಲಿ ಲಂಡನ್ನಿನಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಇಂಥದ್ದೇ ಒಂದು ಪರೀಕ್ಷೆ ಮಾಡಿದ್ದರು. ಆತ್ಮ ಬಂದು ಮೇಜು ತಿರುಗಿಸುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಮೊದಲು ಸರಿಯುವುದು ಮೇಜೋ ಕೈಯೋ ಅಂತ ಅವರು ಅಳೆದು ನೋಡಿದರು. ಕೈಯೇ ಮೊದಲು ಸರಿಯುತ್ತಿತ್ತು. ಕೂತವರಿಗೆ ಅದರ ಅರಿವೇ ಇರಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಮೇಷ್ಟ್ರು ಈ ಮಾತನ್ನು ಎರಡು ಸಲ ಹೇಳಿದರು. ಅದು ಯಾಕೆ ಮುಖ್ಯ ಅಂತ ನನಗೆ ಆಗ ತಿಳಿಯಲಿಲ್ಲ.

ಮುಂದಿನ ಪ್ಯಾರಾದಲ್ಲಿ ಕಥೆಯ ಒಂದು ಗುಟ್ಟು ಇದೆ. ಪುಸ್ತಕ ಓದಬೇಕು ಅಂದುಕೊಂಡವರು ದಯವಿಟ್ಟು ಅದನ್ನು ಬಿಟ್ಟು ಮುಂದೆ ಹೋಗಿ.

ದಿಂಬಿನ ಉಪಾಯ ಎಲ್ಲಿಂದ ಬಂತು ಅಂತ ತುಂಬ ಜನ ಕೇಳಿದ್ದೀರಿ. ಅದು ನಡೆದ ಸಂಗತಿ. 1848ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬಲ್ಲಿ ಮ್ಯಾಗಿ ಮತ್ತು ಕೇಟ್ ಫಾಕ್ಸ್ ಎಂಬ ಅಕ್ಕತಂಗಿಯರ ಮನೆಯಲ್ಲಿ ಟಕ್ ಟಕ್ ಸದ್ದು ಶುರುವಾಯಿತು. ಸತ್ತವರು ಉತ್ತರ ಕೊಡುತ್ತಿದ್ದಾರೆ ಅಂತ ಸುದ್ದಿ ಹಬ್ಬಿತು. 1851ರಲ್ಲಿ ಬಫಲೋ ಊರಿನ ವೈದ್ಯರು ಅವರನ್ನು ಪರೀಕ್ಷೆ ಮಾಡಿದರು. ಕಾಲು ಚಾಚಿಸಿ, ಹಿಮ್ಮಡಿಯನ್ನು ಮೆತ್ತೆಯ ಮೇಲೆ ಇಡಿಸಿದರು. ಸದ್ದು ನಿಂತಿತು. ಅದು ಕೀಲಿನ ಸದ್ದಾಗಿತ್ತು. ನನ್ನ ದೊಡ್ಡತ್ತೆ ಇದನ್ನೇ ಅತಿಥಿ ಸತ್ಕಾರದ ನೆಪದಲ್ಲಿ ಮಾಡುತ್ತಾಳೆ. "ದೂರದಿಂದ ಬಂದಿದ್ದೀರಿ, ಕಾಲು ನೋಯುತ್ತದೆ" ಅಂತ ಹತ್ತಿಯ ದಿಂಬು ತಂದು ಪ್ರೊಫೆಸರನ ಹಿಮ್ಮಡಿಯ ಕೆಳಗೆ ಇಡುತ್ತಾಳೆ. ಅವನಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಆ ರಾತ್ರಿ ಅಜ್ಜ ಮಾತಾಡುವುದಿಲ್ಲ. ಮ್ಯಾಗಿ ಫಾಕ್ಸ್ 1888ರಲ್ಲಿ ನ್ಯೂಯಾರ್ಕಿನ ವೇದಿಕೆ ಮೇಲೆ ನಿಂತು ಎಲ್ಲವೂ ಮೋಸ ಅಂತ ಒಪ್ಪಿಕೊಂಡಳು. ಮರುವರ್ಷ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಳು. ಆಗ ಅವಳು ಬಡತನದಲ್ಲಿದ್ದಳು. ಅದನ್ನು ಓದಿದ ಮೇಲೆ ನನ್ನ ಪ್ರೊಫೆಸರನ ಹರಿದ ಕೋಟಿನ ಬಗ್ಗೆ ಎರಡು ಪುಟ ಬರೆದೆ.

ಭಾಷೆಯ ಸುಳಿವಿಗೂ ಒಂದು ಮೂಲ ಇದೆ. ಜಾದೂಗಾರ ಹ್ಯಾರಿ ಹೂಡಿನಿ, ಸತ್ತವರನ್ನು ಮಾತಾಡಿಸುತ್ತೇವೆ ಅನ್ನುವ ಮೋಸಗಾರರ ಬೆನ್ನು ಹತ್ತಿದವರು. ಪತ್ತೇದಾರಿ ಕಥೆಗಳಿಗೆ ಹೆಸರಾದ ಆರ್ಥರ್ ಕಾನನ್ ಡಾಯ್ಲ್ ಹೂಡಿನಿಯ ಗೆಳೆಯರು. ಡಾಯ್ಲ್ ಆತ್ಮಗಳ ಮಾತನ್ನು ಗಾಢವಾಗಿ ನಂಬಿದ್ದರು. 1922ರಲ್ಲಿ ಡಾಯ್ಲ್ ಅವರ ಹೆಂಡತಿ, ಹೂಡಿನಿಯ ತೀರಿಹೋದ ತಾಯಿ ಬರೆಸಿದ್ದು ಅಂತ ಒಂದು ಪತ್ರವನ್ನೇ ಬರೆದುಕೊಟ್ಟರು. ಪತ್ರ ಇಂಗ್ಲಿಷಿನಲ್ಲಿತ್ತು. ಹೂಡಿನಿಯ ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನ್ನ ಕಥೆಯಲ್ಲಿ ಅಜ್ಜನ ಆತ್ಮ "ಏನು?" ಅನ್ನುತ್ತದೆ. ಆ ಅಜ್ಜ ಹುಟ್ಟಿನಿಂದ "ಎಂತ?" ಅಂದವರು. ಬಾಗಿಲ ಸಂದಿಯಲ್ಲಿ ನಿಂತ ದೊಡ್ಡತ್ತೆಗೆ ಅಷ್ಟು ಸಾಕು.

ಇನ್ನು ಅಮ್ಮನ ವಿಷಯ. ಪುಸ್ತಕದಲ್ಲಿ ಇದನ್ನು ಬರೆದಿರಲಿಲ್ಲ. ಈಗ ಬರೆಯಲು ಅವಳ ಒಪ್ಪಿಗೆ ಇದೆ.

2021ರ ಕೋವಿಡ್‌ನಲ್ಲಿ ನನ್ನ ತಮ್ಮ ಹೋದ. ಮುಖ ನೋಡಲೂ ಸಿಗಲಿಲ್ಲ. ಮರುವರ್ಷ ಅಮ್ಮ ಯಾರದ್ದೋ ಮಾತು ಕೇಳಿ ಒಬ್ಬನಿಗೆ ಫೋನ್ ಮಾಡಲು ಶುರು ಮಾಡಿದಳು. ಅವನು ತಮ್ಮನ ಆತ್ಮದ ಜೊತೆ ಮಾತಾಡಿ ಬಂದು ಹೇಳುತ್ತಿದ್ದನಂತೆ. ಪ್ರತಿ ಸಲಕ್ಕೂ ದುಡ್ಡು. ನನಗೆ ಗೊತ್ತಾಗುವ ಹೊತ್ತಿಗೆ ಅಮ್ಮನ ಎರಡು ಬಳೆ ಹೋಗಿದ್ದವು. ನಾನು ಅವಳ ಮೇಲೆ ಕೂಗಾಡಿದೆ. ಇಷ್ಟು ಓದಿಕೊಂಡವಳು ನೀನು, ಹೀಗೆ ಮೋಸ ಹೋಗೋದಾ ಅಂದೆ. ಅವಳು ಒಂದೂ ಮಾತಾಡಲಿಲ್ಲ. ಆ ಸಿಟ್ಟಿನಲ್ಲೇ ನಾನು ಈ ಕಾದಂಬರಿ ಶುರು ಮಾಡಿದ್ದು.

ಮೊದಲ ಕರಡಿನಲ್ಲಿ ಮಗನನ್ನು ಕಳೆದುಕೊಂಡ ಸೊಸೆಯ ಪಾತ್ರ ಬಹಳ ಪೆದ್ದಾಗಿತ್ತು. ಪ್ರೊಫೆಸರ್ ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಿದ್ದಳು. ಅವಳನ್ನು ನೋಡಿ ಓದುಗರು ನಗಬೇಕು ಅಂತ ಬರೆದಿದ್ದೆ. ಅಮ್ಮನಿಗೆ ಕಣ್ಣಿನ ಆಪರೇಶನ್ ಆಗಿದ್ದರಿಂದ ಸಂಜೆ ಜಗಲಿಯಲ್ಲಿ ಕೂತು ನಾನೇ ಓದಿ ಹೇಳುತ್ತಿದ್ದೆ. ಅವಳು ಹಲಸಿನ ಬೀಜ ಸುಲಿಯುತ್ತಾ ಕೇಳುತ್ತಿದ್ದಳು. ಸೊಸೆ ದುಡ್ಡು ಕೊಡುವ ಜಾಗಕ್ಕೆ ಬಂದಾಗ ಕೈ ನಿಲ್ಲಿಸಿದಳು.

"ಅವಳು ನಂಬಿ ಕೊಟ್ಟಿದ್ದಲ್ಲ ಕಣೆ" ಅಂದಳು. "ಆ ಮನೆಯಲ್ಲಿ ಹುಡುಗನ ಹೆಸರನ್ನು ಯಾರೂ ಎತ್ತಲ್ಲ. ಅವನೊಬ್ಬ ಎತ್ತಿದ."

ನಮ್ಮ ಮನೆಯಲ್ಲೂ ಯಾರೂ ಎತ್ತುತ್ತಿರಲಿಲ್ಲ. ಅಮ್ಮನಿಗೆ ನೋವಾಗುತ್ತದೆ ಅಂತ ನಾನು, ಅಪ್ಪ, ನೆಂಟರು ಎಲ್ಲರೂ ಅವನ ಹೆಸರನ್ನು ತಪ್ಪಿಸಿಯೇ ಮಾತಾಡುತ್ತಿದ್ದೆವು. ಅವನ ಫೋಟೊವನ್ನೂ ಒಳಗಿನ ಕೋಣೆಗೆ ಸಾಗಿಸಿದ್ದೆವು. ಫೋನಿನಲ್ಲಿ ಯಾರೋ ಒಬ್ಬ, ಮುಖ ಕಾಣದವನು, ದಿನಾ ಅವನ ಹೆಸರು ಹಿಡಿದು ಮಾತಾಡುತ್ತಿದ್ದ. ಅಮ್ಮ ಬಳೆ ಕೊಟ್ಟದ್ದು ಅದಕ್ಕೆ.

ಆ ರಾತ್ರಿ ಮೇಷ್ಟ್ರು ಎರಡು ಸಲ ಹೇಳಿದ ಮಾತು ನೆನಪಾಯಿತು. ಸೊಸೆಯ ಅಧ್ಯಾಯಗಳನ್ನೆಲ್ಲ ಹೊಸದಾಗಿ ಬರೆದೆ. ಅದಕ್ಕೇ ಏಳು ತಿಂಗಳು ಬೇಕಾಯಿತು. ಈಗ ಪುಸ್ತಕದಲ್ಲಿ ನಗು ಇರುವುದೆಲ್ಲ ಪ್ರೊಫೆಸರನ ಮೇಲೆ, ಅವನ ದಾರ, ತೆಳು ಬಟ್ಟೆ, ಗಂಧದ ಹೊಗೆಯ ಮೇಲೆ. ಸೊಸೆಯ ಮೇಲೆ ಒಂದೂ ಇಲ್ಲ. ದೊಡ್ಡತ್ತೆ ಅವನನ್ನು ಹಿಡಿಯುವ ಮೊದಲು ಸೊಸೆಯ ಪಕ್ಕ ಕೂತು ಆ ಹುಡುಗನ ಬಗ್ಗೆ ಮಾತಾಡುವ ದೃಶ್ಯ ಇದೆಯಲ್ಲ, ಅವನು ಕಡುಬಿಗೆ ಎಷ್ಟು ತುಪ್ಪ ಕೇಳುತ್ತಿದ್ದ ಅಂತ ಶುರುವಾಗುವುದು, ಅದು ನಮ್ಮ ಜಗಲಿಯಲ್ಲಿ ಅಮ್ಮನೂ ನಾನೂ ಆಡಿದ ಮಾತೇ. 1918ರ ಜ್ವರದಲ್ಲಿ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಅಷ್ಟು ಮನೆಗಳಲ್ಲಿ ಎಷ್ಟು ಹೆಸರುಗಳು ಹೀಗೆ ಬಾಯಿ ಕಟ್ಟಿಕೊಂಡು ಉಳಿದವೋ.

ಅಮ್ಮಾ, ಅವತ್ತು ಕೂಗಾಡಿದ್ದಕ್ಕೆ ನಿನ್ನ ಕ್ಷಮೆ ಕೇಳಿದ್ದೇನೆ. ಎಲ್ಲರ ಎದುರೂ ಇನ್ನೊಮ್ಮೆ ಕೇಳುತ್ತಿದ್ದೇನೆ. ಈ ಪುಸ್ತಕ ಓದುವ ಹಾಗೆ ಆಗಿದ್ದರೆ ಅದು ನಿನ್ನಿಂದ.

ಪುಸ್ತಕ ತಂದ ಪ್ರಕಾಶಕರಿಗೆ, ಕರಡು ತಿದ್ದಿದ ಗೆಳತಿಗೆ, ಮುಖಪುಟಕ್ಕೆ ದಿಂಬಿನ ಚಿತ್ರವನ್ನೇ ಬರೆಯಬೇಕು ಅಂತ ಹಟ ಹಿಡಿದ ಕಲಾವಿದರಿಗೆ, ರಜೆ ಕೊಟ್ಟ ಸೊಸೈಟಿಯ ಸಹೋದ್ಯೋಗಿಗಳಿಗೆ ನಮಸ್ಕಾರ. ಎಳ್ಳಮಾವಾಸ್ಯೆ ಜಾತ್ರೆಯ ಸಮಯದಲ್ಲಿ ಅಂಗಡಿಯ ಮುಂದೆ ಒಂದು ಮೇಜು ಹಾಕಿಕೊಟ್ಟು, ಮೂರು ದಿನವೂ ಪುಸ್ತಕ ಮಾರಲು ಬಿಟ್ಟ ಬಳೆ ಅಂಗಡಿಯ ಅಕ್ಕನಿಗೆ ವಿಶೇಷ ಥ್ಯಾಂಕ್ಸ್. ಗ್ರಂಥಾಲಯದ ಪ್ರತಿಯನ್ನು ಹನ್ನೊಂದು ಜನ ಸಾಲಾಗಿ ತೆಗೆದುಕೊಂಡು ಹೋಗಿದ್ದಾರೆ ಅಂತ ಅಲ್ಲಿಯವರು ಹೇಳಿದರು. ಆ ಹನ್ನೊಂದೂ ಜನಕ್ಕೆ ನಮಸ್ಕಾರ.

ಪತ್ರ ಬರೆದವರಿಗೆಲ್ಲ ಉತ್ತರ ಬರೆಯುತ್ತಿದ್ದೇನೆ. ತಡವಾಗುತ್ತಿದೆ, ಬೇಸರ ಮಾಡಿಕೊಳ್ಳಬೇಡಿ. ಅದರಲ್ಲಿ ನಾಲ್ಕೈದು ಪತ್ರಗಳಲ್ಲಿ ಕಥೆಯ ಬಗ್ಗೆ ಒಂದು ಸಾಲು, ಉಳಿದದ್ದೆಲ್ಲ ತೀರಿಹೋದ ಮಗಳ, ಗಂಡನ, ಅಣ್ಣನ ಬಗ್ಗೆ. ಹೆಸರು, ಊರು, ಇಷ್ಟದ ತಿಂಡಿ ಎಲ್ಲ ಬರೆದಿದ್ದೀರಿ. ಅವನ್ನು ಅಮ್ಮನಿಗೂ ಓದಿ ಹೇಳಿದ್ದೇನೆ.

ಎರಡನೇ ಮುದ್ರಣದ ಮೊದಲ ಪುಟದಲ್ಲಿ ಈಗ ನನ್ನ ತಮ್ಮನ ಹೆಸರಿದೆ.

ಕೊನೆಗಾರ ಅಣ್ಣಾ, ಮೊದಲ ಮುದ್ರಣದಲ್ಲಿ ನಿಮಗೆ ಕೊಡಲು ಒಂದು ಪ್ರತಿಯೂ ಉಳಿದಿರಲಿಲ್ಲ. ಈ ಸಲ ಬಂಡಲ್ ಬಿಚ್ಚಿ ಮೊದಲನೆಯದನ್ನೇ ನಿಮಗೆ ಅಂತ ತೆಗೆದಿಟ್ಟಿದ್ದೇನೆ. ಮಗಳ ಹತ್ತಿರ ಮೂರನೇ ಅಧ್ಯಾಯ ಓದಿಸಿಕೊಂಡು ಕೇಳಿ, ತಪ್ಪಿದ್ದರೆ ಹೇಳಿ. ಬರುವ ವಾರ ಔಷಧಿ ಹೊಡೆಯಲು ಬರುತ್ತೀರಲ್ಲ, ಮರೆಯದೆ ತೆಗೆದುಕೊಂಡು ಹೋಗಿ. ಮೈಲುತುತ್ತು ತಂದಾಗಿದೆ.